ಪಿಂಜಾರರ ಕಡೆಯ ಗೋಡೆ

ಹೊಸ ಹತ್ತಿಯ ಧೂಳು ಮೂಗಿಗೆ ಬಡಿದರೆ ನನಗೆ ಈಗಲೂ ಹುಮನಾಬಾದಿನ ನಮ್ಮ ಮನೆಯ ಒಂದು ದೀಪಾವಳಿ ನೆನಪಾಗುತ್ತದೆ. ಎಪ್ಪತ್ತರ ದಶಕದ ಮೊದಲಲ್ಲಿರಬೇಕು; ಇಸವಿಯ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ.

ನಮ್ಮ ಅಂಗಳಕ್ಕೂ ಪಕ್ಕದ ಪಿಂಜಾರ ಚಾಚಾನ ಅಂಗಳಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಗಾದಿಗಾಗಿ ಹಿಂಜಿಕೊಡಲು ಓಣಿಯವರು ಕೊಟ್ಟ ಹತ್ತಿ ಅವರ ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಂದು ಕಿಡಿ ಹಾರಿದರೂ ಅವರ ಮನೆ ಉಳಿಯುತ್ತಿರಲಿಲ್ಲ. ಆ ಮಧ್ಯಾಹ್ನ ಅಜ್ಜಿ ಉಳಿದ ಗೋಡೆಗಳ ಮೇಲೆ ಹಣತೆ ಜೋಡಿಸಿ, ಅದೊಂದನ್ನು ಮಾತ್ರ ಬಿಟ್ಟಳು.

ಚಾಚಾ ಬಾಗಿಲಿಗೆ ಬಂದರು. ಮೀಸೆಯಲ್ಲೆಲ್ಲ ಹತ್ತಿಯ ಎಳೆ.

"ಆಯಿ, ಈ ಗ್ವಾಡಿ ಯಾಕ ಬಿಟ್ರಿ?"

"ನಿನ್ನ ಹತ್ತಿ ಸುಡ್ಲೇನಪಾ?"

"ಹಬ್ಬದಾಗ ಇದೊಂದ ಕತ್ತಲ ಇದ್ರ, ಇವ್ರು ಜಗಳ ಆಡ್ಯಾರ ಅಂತಾರ್ರಿ ಮಂದಿ."

"ಮಂದಿ ಬಾಯಾಗ ನಿನ್ನ ಹತ್ತೀನೇ ತುರುಕು!"

ಚಾಚಾ ನಗಲಿಲ್ಲ. ಮನೆಗೆ ಹೋಗಿ ಹೆಂಡತಿಯೊಡನೆ ಹತ್ತಿಯನ್ನೆಲ್ಲ ಒಳಕೋಣೆಗೆ ಹೊರತೊಡಗಿದರು. ಅದನ್ನು ಕಂಡ ಅಜ್ಜಿ ಹಿತ್ತಾಳೆಯ ಪರಾತವನ್ನು, ಹಿಟ್ಟು ನಾದುವ ಆ ಅಗಲ ತಟ್ಟೆಯನ್ನು, ಗೋಡೆಯ ಮೇಲಿಟ್ಟು, ನೀರು ತುಂಬಿ, ನಡುವೆ ಕಲ್ಲಿಟ್ಟು, ಸಂಜೆ ಅದರ ಮೇಲೆ ಒಂದೇ ಹಣತೆ ಹಚ್ಚಿದಳು. ಆಚೆ ಚಾಚಾ, ಈಚೆ ಅಜ್ಜಿ, ಎಣ್ಣೆ ತೀರುವವರೆಗೂ ಕಾವಲು ಕುಳಿತರು. ಏನು ಮಾತಾಡಿದರೋ ನೆನಪಿಲ್ಲ. ಮಾತಾಡಿದರು ಎಂಬುದೂ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು.

ದೀಪ ಶಾಂತವಾದ ಮೇಲೆ ಅಜ್ಜಿ ನೀರು ಚೆಲ್ಲಲಿಲ್ಲ. ಪರಾತವನ್ನು ಹಾಗೇ ಗೋಡೆಯಾಚೆ ದಾಟಿಸಿದಳು.

"ಬೆಳಗಾಗೂತನ ಹತ್ತಿ ಖೋಲಿ ಬಾಗಲಾಗ ಇಟ್ಕೋ. ಹುಡುಗ್ರು ಇನ್ನಾ ಪಟಾಕಿ ಹಾರಸಾಕತ್ತಾರ."