ಹೊಸ್ತಿಲ ಕಲ್ಲು

"ಯಾರೂ ಅಡ್ಡ ಬರಬೇಡಿ!" ಎಂದು ಗದರಿ ಆಲ್ಫ್ರೆಡ್ ಲಸ್ರಾದೊ ವೀಡಿಯೊ ಕ್ಯಾಸೆಟ್ಟನ್ನು ತಾನೇ ಒಳಕ್ಕೆ ತಳ್ಳಿದ. ಅಲ್ ಅಜೈಬಾದ ಅವನ ಫ್ಲ್ಯಾಟಿನಲ್ಲಿ, ಗಲ್ಫಿಗೆ ದುಡಿಯಲು ಬಂದ ಊರಿನವರೆಲ್ಲ ಕಿಕ್ಕಿರಿದಿದ್ದರು. ಕ್ಯಾಸೆಟ್ ತಂದಿದ್ದ ಊರಿನ ಪಾದ್ರಿ ಮ್ಯಾಥ್ಯೂ ಮಾತ್ರ ಸೋಫಾದ ತುದಿಯಲ್ಲಿ, ಕೊಟ್ಟ ಚಹಾ ಮುಟ್ಟದೆ ಕೂತಿದ್ದರು.

ಶುರುವಾಯಿತು ಇವನ ಪುರಾಣ, ಎಂದುಕೊಂಡಳು ನೆರೆದವರ ನಡುವೆ ಕೂತಿದ್ದ ಡಾಲಿ.

ತೊಂಬತ್ತನೇ ಇಸವಿಯಲ್ಲಿ ಹಿಡಿದ ಹುಚ್ಚು ಇದು. ಉಡುಪಿಯಾಚೆಯ ತಮ್ಮೂರಿನ ನಾನೂರು ವರ್ಷದ ಇಗರ್ಜಿ, ಇವನ ಖರ್ಚಿನಲ್ಲಿ ಅದರ ಜೀರ್ಣೋದ್ಧಾರ, ಅದರ ಬಾಗಿಲಲ್ಲೇ ನೆಲಕ್ಕೆ ಹಾಸಿದ ಸಮಾಧಿಕಲ್ಲು. ಕಲ್ಲಿನ ಬರಹವೆಲ್ಲ ಸವೆದು ಲಸ್ರಾದೊ ಎಂಬ ಹೆಸರೊಂದೇ ಉಳಿದಿತ್ತು. ಅಷ್ಟು ಸಾಕಾಯಿತು ಮಹಾರಾಯನಿಗೆ.

"ಇಗರ್ಜಿ ಕಟ್ಟಿಸಿದ್ದೇ ನಮ್ಮ ಹಿರಿಯ. ಇಲ್ಲದಿದ್ದರೆ ಬಾಗಿಲಲ್ಲೇ ಜಾಗ ಯಾರು ಕೊಡ್ತಾರೆ ಮಾರಾಯ್ರೆ?"

ಚಿಕ್ಕಂದಿನಲ್ಲಿ ಡಾಲಿ ಆ ಕಲ್ಲನ್ನು ಹಾರಿ ದಾಟಿದರೆ ಅಜ್ಜಿ ಕಿವಿ ಹಿಂಡುತ್ತಿದ್ದಳು. ಅದರ ಮೇಲೆ ಎರಡೂ ಕಾಲಿಟ್ಟೇ ಒಳಗೆ ಹೋಗಬೇಕು. ಯಾಕೆಂದು ಅಜ್ಜಿಗೂ ಗೊತ್ತಿರಲಿಲ್ಲ. ಇದನ್ನು ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. "ನೋಡಿ, ಎಂಥ ಮರ್ಯಾದೆ!" ಎಂದು ಆಲ್ಫ್ರೆಡ್ ಇನ್ನಷ್ಟು ಉಬ್ಬಿದ.

ಡಾಲಿಯ ಗಂಡ ವಿಕ್ಟರ್, ಘಾಲಾದ ಗ್ಯಾರೇಜಿನಲ್ಲಿ ದುಡಿಯುವವ, ಒಮ್ಮೆ ಮೆಲ್ಲಗೆ ಹೇಳಿದ್ದ: "ಆಲ್ಫ್ರೆಡ್ ಬಾಬ್, ಗೋಪುರದಲ್ಲಿ ಗಂಟೆಯೇ ಇಲ್ಲ. ಯಾವ ಕಾಲದಿಂದಲೂ ಇಲ್ಲ. ಮೊದಲು ಅದೊಂದು ಮಾಡುವನಾ?"

"ಗಂಟೆ ಎಂತಕ್ಕೆ? ಎಲ್ಲರ ಕೈಯಲ್ಲೂ ವಾಚುಂಟು. ಕಲ್ಲು ಮೊದಲು. ಖಲಾಸ್!"

ಅಬ್ಬಬ್ಬಾ, ಇವನ ಸೊಕ್ಕೇ! ಅಂದೇ ಊರಿಗೆ ಫೋನು ಹಚ್ಚಿ ಅಪ್ಪಣೆ ಕೊಟ್ಟ: ಹಿರಿಯನ ಹೆಸರಿನ ಕೆಳಗೆ ತನ್ನದನ್ನೂ ಆಳವಾಗಿ ಕೆತ್ತಬೇಕು, ಆಮೇಲೆ ಗೋವಾದಿಂದ ಬಲ್ಲವರನ್ನು ಕರೆಸಿ ಸವೆದ ಅಕ್ಷರ ಎಬ್ಬಿಸಬೇಕು. ಲಸ್ರಾದೊ ಮನೆತನ ಎಂಥದ್ದೆಂದು ಊರಿಗೆಲ್ಲ ಗೊತ್ತಾಗಬೇಕು.

ಟೀವಿಯಲ್ಲಿ ಕಲ್ಲು ಕಾಣಿಸಿತು. ಸ್ಪಷ್ಟವಾಗಿ ಎದ್ದ ಪೋರ್ಚುಗೀಸ್ ಅಕ್ಷರಗಳು; ಕೆಳಗೆ, ಎಲ್ಲಕ್ಕಿಂತ ದಪ್ಪಗೆ, ಆಲ್ಫ್ರೆಡನ ಹೆಸರು. ಚಪ್ಪಾಳೆ ಬಿತ್ತು. ಡಾಲಿ ಕೈ ಕಟ್ಟಿಕೊಂಡೇ ಕೂತಳು.

"ಫಾದರ್, ಇದರ ಅರ್ಥ ಹೇಳಿ. ಎಲ್ಲರೂ ಕೇಳಲಿ."

"ನೀವೊಬ್ಬರೇ ಇದ್ದಾಗ ಹೇಳುವ ಅಂತ ಇದ್ದೆ."

"ಎಂತ ಸಂಕೋಚ? ಜೋರಾಗಿ ಹೇಳಿ!"

ಪಾದ್ರಿ ಕನ್ನಡಕ ಸರಿಮಾಡಿಕೊಂಡರು.

"'ಈ ಇಗರ್ಜಿಯ ಗಂಟೆ ಕದ್ದು ಮಾರಿದವನು ನಾನು. ಒಳಗೆ ಹೋಗುವವರೆಲ್ಲ ನನ್ನನ್ನು ತುಳಿದು ಹೋಗಿ.' ಕೆಳಗೆ ಲಸ್ರಾದೊ. ಅದರ ಕೆಳಗೆ ನೀವು."