ಪಡಸಾಲೆಯ ಫ್ರೆಂಚ್ ಪಾಠ

ಬೇಯಿಸಿದ ತತ್ತಿಯ ಸಿಪ್ಪೆ ಸುಲಿಯುವಾಗ ಇಂದಿಗೂ ಸೇಡಂ ಮನೆಯ ಪಡಸಾಲೆಯ ತಣ್ಣನೆಯ ಪರಸಿಗಲ್ಲಿನ ನೆಲ ನೆನಪಾಗುತ್ತದೆ.

ಕಾಕಾ ಪಾಂಡಿಚೇರಿಯಲ್ಲಿ ಫ್ರೆಂಚ್ ಕಲಿತು ಬಂದಿದ್ದರು. ಅಲ್ಲಿ ಏನೇನು ತಿಂದನೋ ಎಂದು ಅಜ್ಜಿ ಅವರನ್ನು ಅಡುಗೆಮನೆಗೆ ಸೇರಿಸದೆ ಪಡಸಾಲೆಯಲ್ಲೇ ಬಡಿಸುತ್ತಿದ್ದಳು. ಮಧ್ಯಾಹ್ನ ನನಗೆ ಅಲ್ಲೇ ಪಾಠ. ಅಜ್ಜಿ ಬೆಕ್ಕು ಓಡಿಸಿದ್ದು, ಎಮ್ಮೆ ಹಗ್ಗ ಹರಿದದ್ದು, ಇಂಥ ಕಥೆಗಳಲ್ಲೇ ಅವರು ವ್ಯಾಕರಣ ಕಲಿಸುತ್ತಿದ್ದರು.

ಅಂದು ಭೂತಕಾಲದ ಪಾಠ. "ನಿನ್ನೆ ವಾಡಿಗೆ ಹೋಗಿದ್ದೆಲ್ಲ, ಅದೇ ಕಥಿ ಹೇಳು," ಎಂದರು.

ನಾನು ತಡವರಿಸಿದೆ.

"ಅಂಜಬ್ಯಾಡೋ ಮಾರಾಯಾ. ಫ್ರೆಂಚಿನ್ಯಾಗ ಹೇಳಿದ್ದು ಈ ಮನ್ಯಾಗ ಯಾರಿಗೂ ತಿಳೀದಿಲ್ಲ."

ವಾಡಿಯ ಗೆಳೆಯನ ರೈಲ್ವೆ ಕ್ವಾರ್ಟರ್ಸಿನಲ್ಲಿ ತತ್ತಿ ತಿಂದೆ ಎಂದು ಫ್ರೆಂಚಿನಲ್ಲೇ ಹೇಳಿದೆ. ಕಾಕಾ ನಕ್ಕರು. "ಒಂದಕ್ಕ ಇಷ್ಟು ಅಂಜಿಕಿ? ನಾ ಪಾಂಡಿಚೇರ್ಯಾಗ ದಿನಾ ತಿಂತಿದ್ದೆ," ಎಂದರು. ಹಾಗೆಂದರು ಎಂದೇ ನನ್ನ ನೆನಪು. ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಆದರೆ ಅವರ ಕೈ ನನ್ನ ಬೆನ್ನ ಮೇಲಿದ್ದದ್ದು ಸುಳ್ಳಲ್ಲ.

ಮರುದಿನ ಊಟಕ್ಕೆ ಹೋದರೆ ಅಜ್ಜಿ ಹೊಸ್ತಿಲಲ್ಲೇ ತಡೆದಳು. "ಅಲ್ಲೇ ಕುಂದ್ರು. ತತ್ತಿ ತಿಂದ ಬಾಯಿ ಒಲಿ ಹತ್ರ ತರಬ್ಯಾಡ. ನಿಮ್ಮ ಕಾಕಾ ಎಲ್ಲಾ ಹೇಳ್ಯಾನ. ತಾ ಮಾತ್ರ ಅಲ್ಲಿ ಏನೂ ಮುಟ್ಟಿಲ್ಲಂತ."

ನನ್ನ ತಾಟು ಪಡಸಾಲೆಗೆ ಬಂತು. ಒಳಗೆ, ಅಜ್ಜಿಯ ಎದುರಿನ ಮಣೆಯ ಮೇಲೆ, ಮಡಿ ಧೋತರ ಉಟ್ಟ ಕಾಕಾ ಕುಳಿತಿದ್ದರು.

"ಕಾಕಾ, ಯಾರಿಗೂ ತಿಳೀದಿಲ್ಲ ಅಂದಿದ್ರೆಲ್ಲ?" ಎಂದು ಕೂಗಿದೆ.

ಅವರು ತಲೆ ಎತ್ತಲಿಲ್ಲ. "ಅವ್ವಾ," ಎಂದರು, "ಇನ್ನೊಂದೀಟು ತುಪ್ಪ ಹಾಕು."