ಸ್ಕೇಲಿನ ಕೆಳಗಿನ ಬೆಳಕು

ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಮೇಲೆ ಸೀಮೆಎಣ್ಣೆ ಚೆಲ್ಲಿದ ವಾಸನೆ ಎಲ್ಲೇ ಬರಲಿ, ನನಗೆ ಮಳಖೇಡದ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಹಳೆಯ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿಟ್ಟಿದ್ದರು. ರೇಡಿಯೇಟರಿನ ನೀರು ಸೇರಿ ಆಯಿಲ್ ಹಾಲು ಹೆಚ್ಚಾದ ಚಹಾದಂತಾಗಿತ್ತು. ಮಿಸ್ತ್ರಿ ಕಾಕಾ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಕೆಳಗಿನ ಪ್ಯಾಕಿಂಗನ್ನು ಎರಡು ಸಲ ಬದಲಿಸಿದರೂ ನೀರು ಸೋರುವುದು ನಿಂತಿರಲಿಲ್ಲ. ತೊಗರಿ ಬಿತ್ತುವ ಹದ ಇನ್ನೆರಡು ದಿನವಷ್ಟೇ ಇತ್ತು. ಅಪ್ಪ ಮೂರನೆಯ ಪ್ಯಾಕಿಂಗ್ ತಂದಿದ್ದ.

ಚಹಾ ಕೊಡಲು ಬಂದ ಅವ್ವ, "ಹೆಡ್ಡೇ ಸೊಟ್ಟ ಆಗಿರಬೇಕರಿ" ಅಂದಳು.

"ನಿನಗೇನ್ ತಿಳೀತದ? ಒಳಗ ನಡಿ" ಅಂದ ಅಪ್ಪ.

ಮದುವೆಗೆ ಮುಂಚೆ ಅವ್ವ ಶಹಾಬಾದಿನಲ್ಲಿ ಪರ್ಸಿ ಪಾಲಿಶ್ ಮಾಡುತ್ತಿದ್ದಳು; ಕಲ್ಲು ಸಮ ಇದೆಯೋ ಇಲ್ಲವೋ ಎಂದು ಪಟ್ಟಿ ಇಟ್ಟು ನೋಡುವುದು ಅವಳಿಗೆ ರೂಢಿ. ಅವಳು ಒಳಗೆ ಹೋಗಲಿಲ್ಲ. ನನ್ನ ಸ್ಟೀಲ್ ಸ್ಕೇಲ್ ಇಸಕೊಂಡು ಬೋರಲು ಇಟ್ಟಿದ್ದ ಹೆಡ್ಡಿನ ತಳದ ಮೇಲೆ ಅಂಚು ತಾಗುವಂತೆ ಅಡ್ಡ ನಿಲ್ಲಿಸಿದಳು.

"ಬಗ್ಗಿ ನೋಡು ಮಗಳ. ಏನ್ ಕಾಣ್ತದ?" ಅಂತ ನನ್ನನ್ನು ಕೇಳಿದಳು.

"ನಡುವ ಬೆಳಕು ಕಾಣಾಕತ್ತದ" ಅಂದೆ.

ಕಾಕಾನೂ ಬಗ್ಗಿ ನೋಡಿದ. "ಅಕ್ಕಾ ಅಂದದ್ದು ಖರೇ ಅದರಿ. ಇಷ್ಟು ಸಂದಿ ನೀರಿಗೆ ಭಾಳ ಆಯ್ತು."

ಅವ್ವ ಗೋಡೆಗೆ ಒರಗಿಸಿದ್ದ ಪಾಲಿಶ್ ಪರ್ಸಿಯನ್ನು ಮಲಗಿಸಿ, ಲೋಹ ಉಜ್ಜುವ ಎಮರಿ ಪೇಪರ್ ಹಾಸಿ, ಸೀಮೆಎಣ್ಣೆ ಹನಿಸಿದಳು. ಸ್ಕೇಲಿನ ಕೆಳಗೆ ಬೆಳಕು ಕಾಣದಾಗುವ ತನಕ ಅವಳೂ ಕಾಕಾನೂ ಹೆಡ್ ಹಿಡಿದು ಅದರ ಮೇಲೆ ತಿಕ್ಕಿದರು.

ಮರುದಿನ ಮೂರನೆಯ ಪ್ಯಾಕಿಂಗ್ ಇಟ್ಟು ಹೆಡ್ ಕೂಡಿಸಿ, ಹೊಸ ಆಯಿಲ್ ಹಾಕಿ ತಾಸುಗಟ್ಟಲೆ ಇಂಜಿನ್ ಓಡಿಸಿದರು. ಅಪ್ಪ ಆಯಿಲ್ ನೋಡುವ ಕಡ್ಡಿ ಹೊರಗೆಳೆದ. ಕಾಕಾ ನೋಡಲು ಕೈ ಚಾಚಿದ. ಅಪ್ಪ ಅವನಿಗೆ ಕೊಡದೆ ನೇರ ಅವ್ವ ನಿಂತಿದ್ದ ಅಡುಗೆಮನೆಯ ಬಾಗಿಲಿಗೆ ನಡೆದು, ಕಡ್ಡಿಯನ್ನು ಅವಳ ಮುಂದೆ ಹಿಡಿದ.

"ಸರಿ ಅದ ಏನು, ನೋಡಿ ಹೇಳು" ಅಂದ.